ಬ್ಯಾಂಕ್ ಭಟ್ರು ಕೇಳುವ ನೀರು

ಬಲ್ಮಠ, ಮಂಗಳೂರು
18 ನವೆಂಬರ್ 2023

ಪ್ರಿಯ ನಿಝಾರ್,

ನೀನು ಸೌದಿಯ ಜುಬೈಲಿನಿಂದ ಕಳುಹಿಸಿದ ಲತೇಶ ಊರು ಮುಟ್ಟಿದ. ಕಾಗದಪತ್ರ ಎಲ್ಲ ಸರಿ ಇತ್ತು, ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಬಜ್ಪೆ ಏರ್‌ಪೋರ್ಟಿನ ಕಾರ್ಗೋ ಗೇಟಿನವನು ನನ್ನನ್ನು ಕಂಡ ಕೂಡಲೇ ಕುರ್ಚಿ ತಂದಿಟ್ಟ. ಬಂದರಿನ ಬ್ಯಾಂಕಿನಲ್ಲಿ ಇಡೀ ಆಯುಷ್ಯ ಕುರ್ಚಿಯಲ್ಲೇ ಕಳೆದವನಿಗೆ ಈಗ ಕುರ್ಚಿ ಕೊಡುವ ಜಾಗ ಅದೊಂದೇ. ನೋಡು ನನ್ನ ಯೋಗ.

ಅವನ ಅಮ್ಮನಿಗೆ ಸುದ್ದಿ ಹೇಳಲು ಹೋದದ್ದನ್ನು ನಿನಗೆ ಬರೆಯಲೇಬೇಕು. ಅಲ್ಲಿ ನೀನು ರೂಮಿನ ಹುಡುಗರ ಫೋನುಗಳನ್ನೆಲ್ಲ ತೆಗೆದಿಟ್ಟದ್ದರಿಂದ ಅವರಿಗೆ ಏನೇನೂ ಗೊತ್ತಿರಲಿಲ್ಲ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು. ನಾನು ಯಾವಾಗಿನ ಹಾಗೆ "ಒಂತೆ ನೀರ್ ಕೊರ್ಲೆ" ಎಂದೆ. ಸ್ವಲ್ಪ ನೀರು ಕೊಡಿ ಎನ್ನುವ ಆ ಮಾತನ್ನು ನನಗೆ ಕಲಿಸಿದ್ದು ನಿನ್ನ ತಂದೆ ಅಹ್ಮದ್ ಬಾವ, ನಿನಗೂ ಗೊತ್ತುಂಟು. ಗಲ್ಫಿನಿಂದ ಮೊದಲ ಸಾವಿನ ಸುದ್ದಿ ಬಂದದ್ದು ಬ್ಯಾಂಕಿನ ಫೋನಿಗೆ. ಆ ಗಲ್ಲಿಗೆಲ್ಲ ಇದ್ದದ್ದೇ ಅದೊಂದು ಫೋನು. ಸತ್ತವನು ನಮ್ಮ ಗಿರಾಕಿ, ಹೇಳಬೇಕಾದವನು ನಾನು, ಕಾಲು ಮಾತ್ರ ಮುಂದೆ ಹೋಗಲೊಲ್ಲದು. ಆಗ ಎದುರಿನ ಮೆಣಸಿನ ಗೋದಾಮಿನಿಂದ ನಿನ್ನ ಉಪ್ಪ ಇಳಿದು ಬಂದು ಜೊತೆಗೆ ನಡೆದರು. "ಬಾಗಿಲಲ್ಲಿ ನಿಂತು ಹೇಳ್ಬೇಡಿ ಭಟ್ರೇ. ಮೊದಲು ನೀರು ಕೇಳಿ. ಕುಡಿಯಬೇಡಿ, ಕೈಯಲ್ಲಿ ಹಿಡ್ಕೊಳ್ಳಿ. ಹೇಳಿದ ಮೇಲೆ ಆ ನೀರು ಅವರಿಗೆ ಬೇಕಾಗ್ತದೆ" ಎಂದರು. ಅಂದಿನಿಂದ ಇಂದಿನವರೆಗೆ ಅದೇ ಪದ್ಧತಿ.

ಈಗ ಬಂದರಿನಿಂದ ಕಾಟಿಪಳ್ಳದವರೆಗೆ ಎಲ್ಲರಿಗೂ ಗೊತ್ತು, ಬ್ಯಾಂಕ್ ಭಟ್ರು ನೀರು ಕೇಳಿದರೆ ಆ ಮನೆ ಮುಗಿಯಿತು ಎಂದು. ಮದುವೆಗೆ ಕರೆಯುತ್ತಾರೆ, ಹೋದರೆ ಹೆಂಗಸರು ನನ್ನ ಕೈಯ ಲೋಟವನ್ನೇ ನೋಡುತ್ತಾರೆ. ಹಾಗಾಗಿ ಎಲ್ಲಿ ಹೋದರೂ ನಾನು ಸೋಡಾ ಕೇಳುವವನಾಗಿದ್ದೇನೆ.

ಲತೇಶನ ಅಮ್ಮ ದೂರದ ಊರಿನವರು, ಅವರಿಗೆ ಇದು ಗೊತ್ತಿರಲಿಲ್ಲ ಮಾರಾಯ. ಬಿಸಿಲಲ್ಲಿ ಬಂದ ನೆಂಟನೆಂದು ನೀರಿನ ಜೊತೆಗೆ ಬೆಲ್ಲದ ತುಂಡನ್ನೂ ತಂದಿಟ್ಟರು. ಆ ಬೆಲ್ಲ ನೋಡಿ ನನಗೆ ತಡೆಯಲಿಕ್ಕಾಗಲಿಲ್ಲ. ಸಮಾಧಾನ ಮಾಡಬೇಕಾದವನೇ ಗೊಳೋ ಎಂದು ಅತ್ತುಬಿಟ್ಟೆ. ನನ್ನ ಅಳು ನೋಡಿಯೇ ಅವರಿಗೆ ಗೊತ್ತಾದದ್ದು.

ಸಾಕಾಯಿತು ನಿಝಾರ್. ಇನ್ನೊಂದು ಪೆಟ್ಟಿಗೆ ನನ್ನಿಂದಾಗದು. ಮನೆಯವಳು ಪಂಕಜಾಕ್ಷಿಯೂ ನಾನು ಮಿಂದು ಒಳಗೆ ಬರಲೆಂದು ಹೊರಗಿನ ನಲ್ಲಿಯ ಹತ್ತಿರ ಬಕೆಟ್ ಇಟ್ಟು ಇಟ್ಟು ಬೇಸತ್ತಿದ್ದಾಳೆ. ನಿನ್ನ ಕೇಸು ಮುಗಿದು ನೀನೊಮ್ಮೆ ಬಾ. ಈ ಕೆಲಸ ನಿನಗೊಪ್ಪಿಸಿ ನಾನು ಮನೆಯಲ್ಲಿ ಕಾಲು ಚಾಚಿ ಕೂರುತ್ತೇನೆ.

ಕೆಲಸದ ಮಾತು ಫೋನಿನಲ್ಲಿ, ನಮ್ಮ ಮಾತು ಕಾಗದದಲ್ಲಿ ಎಂದು ನಾವೇ ಮಾಡಿದ ಕಾನೂನಲ್ಲವೇ? ಅದಕ್ಕೆ ಇದನ್ನು ನಿನ್ನ ರೂಮಿನ ಯಾಹ್ಯಾನ ಕೈಯಲ್ಲಿ ಕಳುಹಿಸುತ್ತಿದ್ದೇನೆ, ರಜೆ ಮುಗಿಸಿ ಹೊರಟಿದ್ದಾನೆ. ನಿನ್ನ ಉಮ್ಮ ಕೊಟ್ಟ ಒಣಮೀನಿನ ಕಟ್ಟೂ ಇದೆ. ಅದನ್ನು ಕಾಟಿಪಳ್ಳದಿಂದ ನನ್ನ ಸ್ಕೂಟರಿನಲ್ಲಿ ತಂದೆ. ಅರ್ಚಕರ ಮನೆಯ ಮಗನ ಸ್ಕೂಟರು ಈಗಲೂ ಮೀನಿನ ವಾಸನೆ ಹೊಡೆಯುತ್ತಿದೆ, ತಿನ್ನುವಾಗ ಅದನ್ನೊಮ್ಮೆ ನೆನೆಸಿಕೋ.

ನಿನ್ನ,
ವಿಷ್ಣುಮೂರ್ತಿ


ಜುಬೈಲ್
9 ಡಿಸೆಂಬರ್ 2023

ಭಟ್ರೇ,

ಸಲಾಂ ಎಂದು ಬರೆದರೆ ನೀವು ನಮಸ್ಕಾರ ಎಂದು ಓದಿಕೊಳ್ತೀರಿ, ಗೊತ್ತುಂಟು.

ಕುಳಿತುಕೊಂಡು ಓದಿ. ಕೇಸು ಮುಗಿಯಿತು! ಪಾಸ್‌ಪೋರ್ಟ್ ನನ್ನ ಕೈಗೆ ಬಂತು. ಈಗ ದಿಂಬಿನ ಅಡಿಯಲ್ಲಿ ಉಂಟು, ಯಾಹ್ಯಾ ನಗಾಡ್ತಾನೆ. ಹಳೇ ಕಂಪೆನಿ ಸಂಬಳ ಬಾಕಿ ಇಟ್ಟು ಬಾಗಿಲು ಹಾಕಿ, ಪಾಸ್‌ಪೋರ್ಟ್ ಕೋರ್ಟು ಸೇರಿದ ದಿನದಿಂದ ಏಳು ವರ್ಷ ನಾನು ಇಲ್ಲಿ ಸಿಕ್ಕಿಬಿದ್ದಿದ್ದೆ. ಎಷ್ಟು ಜನರನ್ನು ಊರಿಗೆ ಕಳುಹಿಸಿದೆ, ನಾನೊಬ್ಬನೇ ಹೋಗ್ಲಿಕ್ಕಾಗಲಿಲ್ಲ. ಉಪ್ಪ ತೀರಿಕೊಂಡಾಗ ಸಹ ಆಗಲಿಲ್ಲ. ನನ್ನ ಬದಲಿಗೆ ನೀವು ಮಯ್ಯತ್ತು ಹೊತ್ತವರ ಹಿಂದೆ ನಡೆದಿರಿ. ಅದನ್ನು ನಾನು ಒಮ್ಮೆಯೂ ನಿಮ್ಮ ಹತ್ತಿರ ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳ್ತೇನೆ.

ಜನವರಿ ಕೊನೆಗೆ ಬರ್ತೇನೆ. ನೀವು ಎದುರಿನ ಗೇಟಿಗೆ ಬರ್ಬೇಕು, ಜೀವ ಇದ್ದವರು ನಡ್ಕೊಂಡು ಹೊರಗೆ ಬರುವ ಗೇಟಿಗೆ. ನೀವು ಅಲ್ಲಿ ಇಷ್ಟರವರೆಗೆ ಯಾರಿಗಾದರೂ ಕಾದದ್ದುಂಟಾ? ಇಲ್ಲ ಎಂದು ಕಾಣ್ತದೆ. ಹಿಂದಿನ ಗೇಟಿನಲ್ಲಿ ಕಾದದ್ದು ಸಾಕು ನಿಮಗೆ.

ಉಮ್ಮನಿಗೆ ಫೋನಿನಲ್ಲಿ ಹೇಳ್ಲಿಲ್ಲ. ನೀವೇ ಹೋಗಿ ಹೇಳಿ. ಇಷ್ಟು ವರ್ಷ ಕೆಟ್ಟ ಸುದ್ದಿ ಹೊತ್ತಿರಿ, ಒಂದು ಒಳ್ಳೆಯ ಸುದ್ದಿ ಸಹ ಹೊತ್ತು ನೋಡಿ. ಬಂದ ಮೇಲೆ ನಿಮ್ಮ ಕೆಲಸ ನಾನು ಮಾಡ್ತೇನೆ, ಮಾತು ಕೊಟ್ಟೆ. ಕಾಲೇಜು ಬಿಟ್ಟು ಗೋದಾಮಿನಲ್ಲಿ ಸುಮ್ಮನೆ ಕೂತಿದ್ದವನನ್ನು ಕರೆದು ಬ್ಯಾಂಕಿಗೆ ಬಂದ ಹೆಂಗಸರ ಅರ್ಜಿ ಬರೆದುಕೊಡು ಎಂದದ್ದು ನೀವು. ಅದೇ ಅಭ್ಯಾಸ ಇಲ್ಲಿಯೂ ಅನ್ನ ಹಾಕಿತು, ಪುಣ್ಯವೂ ಕೊಟ್ಟಿತು.

ಹೊಟ್ಟೆ ಸ್ವಲ್ಪ ತಕರಾರು ಮಾಡ್ತಾ ಉಂಟು. ಒಣಮೀನು ಒಂದೇ ವಾರದಲ್ಲಿ ಮುಗಿಸಿದ್ದರ ಫಲ. ಟಿಕೆಟ್ ಮಾಡುವ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸ್ತೇನೆ.

ನಿಮ್ಮ,
ನಿಝಾರ್


ಬಲ್ಮಠ
26 ಡಿಸೆಂಬರ್ 2023

ಪ್ರಿಯ ನಿಝಾರ್,

ಮೊನ್ನೆ ಕೆಲಸದ ಮಧ್ಯೆ ನಿನಗೆ ಫೋನು ಮಾಡಿ, "ಮುಖ ತೋರಿಸು, ಬೇಗ ತೋರಿಸು" ಎಂದು ನಾನು ಬೊಬ್ಬೆ ಹೊಡೆದದ್ದು ಯಾಕೆಂದು ಕೇಳಿದ್ದಿ. ಹೇಳುತ್ತೇನೆ, ನಗು ಬೇಕಾದರೆ ನಗು.

ನಿನ್ನ ಕಾಗದ ಸಿಕ್ಕಿದ ಕೂಡಲೇ ಊಟವನ್ನೂ ಮಾಡದೆ ಸ್ಕೂಟರು ಹತ್ತಿದೆ. ಪಂಕಜಾಕ್ಷಿ ಹಿಂದಿನಿಂದ "ಯಾರು ಹೋದದ್ದು?" ಎಂದು ಕೇಳಿದಳು. "ಹೋದದ್ದಲ್ಲ ಮಾರಾಯ್ತಿ, ಬರುವುದು!" ಎಂದೆ. ಕಾಟಿಪಳ್ಳ ಮುಟ್ಟುವಾಗ ಬಿಸಿಲಿಗೆ ಗಂಟಲು ಒಣಗಿತ್ತು. ನಿನ್ನ ಉಮ್ಮ ಖತೀಜಮ್ಮ ಬಾಗಿಲು ತೆಗೆದರು. ಇಷ್ಟಗಲ ನಗಾಡುತ್ತಾ ನಿಂತಿದ್ದೇನೆ, ಬಾಯಿಯಿಂದ ಮೊದಲು ಬಂದದ್ದೇ "ಒಂತೆ ನೀರ್ ಕೊರ್ಲೆ."

ಅವರು ಕಿರುಚಲಿಲ್ಲ. ಬಾಗಿಲಿನ ದಾರಂದವನ್ನು ಹಿಡಿದುಕೊಂಡು ಹಾಗೆಯೇ ಕೆಳಗೆ ಕುಸಿದರು. ಕುಸಿದಲ್ಲಿಂದಲೇ ನನ್ನನ್ನು ನೋಡಿ "ಏಪ?" ಎಂದರು. ಯಾವಾಗ ಎಂದು ಕೇಳಿದ್ದು, ಅಷ್ಟೇ. ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಕೂಡಲೇ "ಅಯ್ಯೋ, ಹಾಗಲ್ಲ, ಬದುಕಿದ್ದಾನೆ, ಊರಿಗೆ ಬರುತ್ತಿದ್ದಾನೆ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. ನಂಬಬೇಕಲ್ಲ? ನಿನ್ನ ಮುಖ ಫೋನಿನಲ್ಲಿ ಕಂಡ ಮೇಲೆಯೇ ಅವರಿಗೆ ಉಸಿರು ಬಂದದ್ದು. ಆಮೇಲೆ ನನಗೆ ಸಿಕ್ಕಿದ ಮಂಗಳಾರತಿ ಕೇಳಬೇಡ. "ನಿಮಗೆ ಬುದ್ಧಿ ಉಂಟಾ ಭಟ್ರೇ? ನನ್ನ ಪ್ರಾಣ ತೆಗಿಲಿಕ್ಕೆ ಬಂದದ್ದಾ?" ಎಂದು ಬೈದು, ಬೈಯುತ್ತಲೇ ನಿಂಬೆ ಶರಬತ್ತು ಮಾಡಿಕೊಟ್ಟರು. ಲೋಟ ಖಾಲಿಯಾಗುವ ಮೊದಲು ನಿನಗೊಂದು ಹೆಣ್ಣನ್ನೂ ನೋಡಿ ಮುಗಿಸಿದರು!

ತಂಗಿಯರ ಮದುವೆ, ಕೇಸು ಎಂದು ಇಷ್ಟು ವರ್ಷ ನೀನು ತಪ್ಪಿಸಿಕೊಂಡೆ. ಇನ್ನು ನೀನುಂಟು, ಅವರುಂಟು.

ವಿಷ್ಣುಮೂರ್ತಿ


ಜುಬೈಲ್
28 ಜನವರಿ 2024

ಭಟ್ರೇ,

ಟಿಕೆಟ್ ಸ್ವಲ್ಪ ಮುಂದೆ ಹಾಕಿದ್ದೇನೆ. ಈಗಿನ ಪ್ಲಾಂಟಿನಲ್ಲಿ ಮೆಷಿನು ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ ಉಂಟು, ರಜೆ ಸಿಗುವುದಿಲ್ಲ. ಉಮ್ಮನಿಗೆ ನೀವೇ ಸಮಾಧಾನ ಹೇಳಿ.

ನಿಮ್ಮ ಕಾಗದ ಓದಿ ರೂಮಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಫೋನು ಎತ್ತಿದಾಗ ನಾನು ಉಮ್ಮನ ಮುಖ ನೋಡಿದೆ. ಅಂಥ ಮುಖ ನನ್ನ ಉಮ್ಮನಿಗೆ ಉಂಟು ಎಂದೇ ನನಗೆ ಗೊತ್ತಿರಲಿಲ್ಲ.

ಇಲ್ಲಿಂದ ನಾನು ಪೆಟ್ಟಿಗೆ ಕಳುಹಿಸಿ, ಕಾಗದಕ್ಕೆ ಸೀಲು ಹಾಕಿಸಿ, ಮನೆಗೆ ಬಂದು ಮಲಗ್ತಿದ್ದೆ. ಅಲ್ಲಿ ನೀವು ಅಂಥ ಮುಖಗಳನ್ನು ನೋಡ್ತಿದ್ದಿರಿ. ಪ್ರತಿಸಲ ನೋಡಿದಿರಾ ಭಟ್ರೇ? ನಿಮಗೆ ಎಷ್ಟು ಕಷ್ಟ ಕೊಟ್ಟೆ ನಾನು. ಲತೇಶನ ಮನೆಯಲ್ಲಿ ನೀವು ಅತ್ತದ್ದನ್ನು ಬರೆದಿದ್ದಿರಲ್ಲ, ಆ ಕಾಗದ ಪುನಃ ತೆಗೆದು ಓದಿದೆ. ಇನ್ನು ನಿಮಗೆ ಪೆಟ್ಟಿಗೆ ಇಲ್ಲ. ಅದು ನನ್ನ ಜವಾಬ್ದಾರಿ.

ನಿಝಾರ್


ಬಲ್ಮಠ
18 ಫೆಬ್ರವರಿ 2024

ಪ್ರಿಯ ನಿಝಾರ್,

ಎಂತ ಮಾರಾಯ ಇದು, ಒಳ್ಳೆ ವೈರಾಗ್ಯ ಬಂದವನ ಹಾಗೆ ಬರೆದಿದ್ದಿ? ಕಾರಣ ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿಯಾ? ಬ್ಯಾಂಕಿನ ಕೌಂಟರಿನಾಚೆ ನಿಂತವನ ಮುಖ ನೋಡಿಯೇ ಅವನು ಯಾಕೆ ಬಂದನೆಂದು ಹೇಳುತ್ತಿದ್ದವ ನಾನು. ನಿನಗೆ ಮದುವೆಯ ಹೆದರಿಕೆ! ಶಟ್‌ಡೌನೂ ಇಲ್ಲ, ಗಿಟ್‌ಡೌನೂ ಇಲ್ಲ.

ಹುಡುಗಿಯ ಹೆಸರು ಹಬೀಬಾ, ಶಾಲೆಯಲ್ಲಿ ಪಾಠ ಮಾಡುತ್ತಾಳೆ. ನಾನೂ ನೋಡಿದೆ, ನನ್ನನ್ನು ಕಂಡು ಹೆದರದೆ "ಸೋಡಾ ತರಬೇಕಾ ಸರ್?" ಎಂದು ಕೇಳಿದ ಮೊದಲ ಹೆಣ್ಣುಮಗಳು. ಅಷ್ಟು ಧೈರ್ಯ ಇದ್ದವಳು ನಿನ್ನನ್ನೂ ಸುಧಾರಿಸಿಯಾಳು.

ಖತೀಜಮ್ಮ ಮನೆಗೆ ಸುಣ್ಣ ಬಳಿಸಿದ್ದಾರೆ. ನಿನ್ನ ಕೋಣೆಯ ಮಂಚಕ್ಕೆ ಹೊಸ ಹಾಸಿಗೆ ಬಂದಿದೆ, ಅದರ ಮೇಲೆ ಬೆಕ್ಕನ್ನೂ ಹತ್ತಲು ಬಿಡುವುದಿಲ್ಲ. ಎದುರಿನ ಗೇಟಿಗೆ ತಾನೂ ಬರುತ್ತೇನೆಂದು ಪಂಕಜಾಕ್ಷಿ ಹಟ ಹಿಡಿದಿದ್ದಾಳೆ. "ನೀವು ಇಷ್ಟು ವರ್ಷ ಆ ಏರ್‌ಪೋರ್ಟಿಗೆ ಹೋಗಿ ಖುಷಿಯಲ್ಲಿ ಬಂದದ್ದನ್ನು ನಾನು ನೋಡ್ಲೇ ಇಲ್ಲ, ಒಮ್ಮೆ ನೋಡ್ಬೇಕು" ಎನ್ನುತ್ತಾಳೆ. ಆ ದಿನ ಬಕೆಟ್ ಇಡುವುದಿಲ್ಲವಂತೆ.

ಬೇಗ ಬಾ.

ವಿಷ್ಣುಮೂರ್ತಿ


ಜುಬೈಲ್
5 ಮಾರ್ಚ್ 2024

ಭಟ್ರೇ,

ರಂಜಾನ್ ಉಪವಾಸ ಶುರುವಾಗ್ತದೆ. ಪೆರ್ನಾಲ್ ಹಬ್ಬ ಕಳೆಯಲಿ, ನೋಡುವ.

ಆ ಹುಡುಗಿಯನ್ನು ಕಾಯಿಸಬೇಡಿ. ಒಳ್ಳೆಯವಳು ಎಂದು ಕಾಣ್ತದೆ, ಬೇರೆ ಕಡೆ ನೋಡ್ಲಿಕ್ಕೆ ಹೇಳಿ.

ಉಪ್ಪನನ್ನು ಮಣ್ಣು ಮಾಡಿದ ಖಬರಿನ ಮೇಲೆ ಒಂದು ಗಿಡ ನೆಟ್ಟಿದ್ದೇವೆ ಎಂದು ನೀವು ಆಗ ಬರೆದಿದ್ದಿರಿ. ಈಗಲೂ ಉಂಟಾ? ನೋಡಿ ಬರೆಯಿರಿ.

ಕೈ ಸ್ವಲ್ಪ ನೋಯ್ತದೆ, ಉದ್ದ ಬರೀಲಿಕ್ಕೆ ಆಗುವುದಿಲ್ಲ.

ನಿಝಾರ್


ಬಲ್ಮಠ
21 ಏಪ್ರಿಲ್ 2024

ನಿಝಾರ್,

ಪೆರ್ನಾಲ್ ಕಳೆಯಿತು. ನೀನು ಬರಲಿಲ್ಲ. ಹಬ್ಬದ ದಿನ ನಿನ್ನ ಉಮ್ಮ ಬಿರಿಯಾನಿ ಮಾಡಿ, ಬಂದವರಿಗೆಲ್ಲ ಬಡಿಸಿ, ತಾವು ಜಗಲಿಯಲ್ಲಿ ಕೂತಿದ್ದರಂತೆ. ಯಾರಿಗೂ ಹೇಳದೆ ಇದ್ದಕ್ಕಿದ್ದಂತೆ ಬಂದು ನಿಲ್ಲುತ್ತೀ ಎಂದು ಅವರಿಗೆ ಯಾರೋ ಹೇಳಿದ್ದರು. ಯಾರೋ ಏನು, ನಾನೇ ಹೇಳಿದ್ದು.

ಈಗ ಫೋನಿನಲ್ಲಿ ಮುಖವನ್ನೂ ತೋರಿಸುವುದಿಲ್ಲವಂತೆ, ಬರೀ ಸ್ವರ. ಕ್ಯಾಮೆರಾ ಹಾಳಾಗಿದೆಯಂತೆ. ಯಾರಿಗೆ ಕತೆ ಹೇಳುತ್ತೀ? ಅಲ್ಲಿ ನಿನಗೆ ಯಾರಾದರೂ ಇದ್ದರೆ ಇರಲಿ, ಯಾರೂ ಬೇಡ ಎನ್ನಲಿಲ್ಲ. ಬರುವುದಿಲ್ಲ ಎಂದರೆ ಬರುವುದಿಲ್ಲ ಎಂದು ಗಂಡಸಿನ ಹಾಗೆ ಹೇಳು. ಮೊದಲು ಕೇಸು ಇತ್ತು, ನಿನ್ನನ್ನು ವಹಿಸಿಕೊಂಡು ಮಾತಾಡುತ್ತಿದ್ದೆ. ಈಗ ಎಂತ ಹೇಳಲಿ? ಕಾಟಿಪಳ್ಳದ ಬಸ್ ನಿಲ್ದಾಣದಲ್ಲಿ ನಿನ್ನ ಉಮ್ಮನನ್ನು ಕಂಡು ನಾನು ಅಂಗಡಿಯ ಒಳಗೆ ಹೋಗಿ ಅಡಗಿದೆ, ಈ ಪ್ರಾಯದಲ್ಲಿ.

ನಾನು ಊರಿಗೆಲ್ಲ ಕೆಟ್ಟ ಸುದ್ದಿ ಹೊತ್ತವ. ಅದರಲ್ಲಿ ಒಂದಾದರೂ ಸುಳ್ಳಾಗಲಿ ಎಂದು ಎಷ್ಟು ದೇವರಿಗೆ ಕೈ ಮುಗಿದಿದ್ದೇನೆ, ಒಂದೂ ಸುಳ್ಳಾಗಲಿಲ್ಲ. ನಿನ್ನನ್ನು ನಂಬಿ ಒಂದೇ ಒಂದು ಒಳ್ಳೆಯ ಸುದ್ದಿ ಹೊತ್ತೆ. ಸುಳ್ಳಾದದ್ದು ಅದೇ.

ನಿನ್ನ ಉಪ್ಪನ ಖಬರಿನ ಗಿಡ ಉಂಟು. ಚೆನ್ನಾಗಿ ಚಿಗುರಿದೆ, ಪಕ್ಕದಲ್ಲಿ ಜಾಗ ಖಾಲಿ ಇದ್ದುದರಿಂದ ಹರಡಿಕೊಂಡಿದೆ. ಬೇಕಾದರೆ ನೀನೇ ಬಂದು ನೋಡು.

ವಿಷ್ಣುಮೂರ್ತಿ


ಜುಬೈಲ್
4 ಮೇ 2024

ವಿಷ್ಣುಮೂರ್ತಿ ಸರ್‌ಗೆ ಯಾಹ್ಯಾ ಬರೆಯುವುದು.

ಕೈಯಲ್ಲಿ ಬರೆದು ಫೋಟೋ ತೆಗೆದು ಕಳುಹಿಸ್ತಿದ್ದೇನೆ. ಊರಿಗೆ ಹೋಗುವವರನ್ನು ಕಾಯ್ಲಿಕ್ಕೆ ಸಮಯ ಇಲ್ಲ. ನಿಮಗೆ ಫೋನು ಮಾಡಿ ಹೇಳ್ಬಾರದು, ಬರೆದು ಹೇಳ್ಬೇಕು ಎಂದು ನಿಝಾರಿಚ್ಚ ಹೇಳಿದ್ದರು.

ನಿಝಾರಿಚ್ಚ ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು ಸರ್. ನಾನು ಹತ್ತಿರ ಇದ್ದೆ. ಡಿಸೆಂಬರಿನಲ್ಲಿ ಟಿಕೆಟಿಗೆ ಮೊದಲು ಡಾಕ್ಟರಿಗೆ ತೋರಿಸಿದ್ದರಲ್ಲ, ಆಗಲೇ ಗೊತ್ತಾಗಿತ್ತು, ಕ್ಯಾನ್ಸರ್, ಲಿವರಿಗೆ ಹರಡಿದೆ ಎಂದು. ಗುಣ ಮಾಡ್ಕೊಂಡು ಆರಾಮಾಗಿ ಹೋಗ್ತೇನೆ ಎಂದು ಶುರುವಿನಲ್ಲಿ ಹೇಳ್ತಿದ್ದರು. ಮಾರ್ಚಿನ ನಂತರ ಡಾಕ್ಟರು ಪ್ರಯಾಣಕ್ಕೆ ಬಿಡಲಿಲ್ಲ. ಮುಖ ತುಂಬಾ ಇಳಿದಿತ್ತು, ಅದಕ್ಕೆ ಫೋನಿನಲ್ಲಿ ತೋರಿಸ್ತಿರಲಿಲ್ಲ. ನಿಮಗೆ ಹೇಳುವ ಎಂದು ನಾನು ಎಷ್ಟು ಸಲ ಹೇಳಿದೆ. ಬೈದು ಬಾಯಿ ಮುಚ್ಚಿಸಿದರು.

ನಿಮ್ಮ ಸಿಟ್ಟಿನ ಕಾಗದ ಮೊನ್ನೆ ಬಂತು. ಓದ್ಲಿಕ್ಕೆ ಹೇಳಿದರು, ನಾನು ಹಾಸಿಗೆಯ ಹತ್ತಿರ ಕೂತು ಓದಿದೆ. ಬೇಸರ ಮಾಡ್ಕೊಳ್ಳಲಿಲ್ಲ ಸರ್, ನಿಜ ಹೇಳ್ತೇನೆ. ನೀವು ಅಂಗಡಿಯೊಳಗೆ ಅಡಗಿದಲ್ಲಿ ನಕ್ಕರು. "ಭಟ್ರಿಗೆ ಸಿಟ್ಟು ಬಂದರೆ ಚಂದ" ಎಂದರು. ಗಿಡದ ಮಾತು ಬಂದಾಗ ಪುನಃ ಓದು ಎಂದರು. ಎರಡನೇ ಸಲ ಓದುವಾಗ ಕಣ್ಣು ಮುಚ್ಚಿಕೊಂಡಿದ್ದರು.

ಅವರ ಮಾತು ಇದು. "ಇನ್ನೊಂದು ಪೆಟ್ಟಿಗೆ ಆಗದು ಎಂದು ಭಟ್ರು ಬರೆದಿದ್ದಾರೆ. ಉಮ್ಮನ ಮುಖ ನಾನು ಒಮ್ಮೆ ನೋಡಿದ್ದೇನೆ, ಇನ್ನೊಮ್ಮೆ ಅವರಿಗೆ ಹಾಗಾಗುವುದು ಬೇಡ. ಮುಚ್ಚಳ ತೆಗೆದು ಯಾರೂ ನನ್ನನ್ನು ನೋಡುವುದು ಬೇಡ. ಇಲ್ಲಿಯೇ ಮಣ್ಣು ಮಾಡಿ." ಇಲ್ಲಿ ಮಣ್ಣು ಮಾಡ್ಲಿಕ್ಕೆ ಉಮ್ಮನ ಒಪ್ಪಿಗೆ ಸಹಿ ಬೇಕು, ನಿಮಗೆ ಗೊತ್ತುಂಟು. ಕಾಗದದ ಮಾದರಿ ಇದರ ಜೊತೆ ಕಳುಹಿಸಿದ್ದೇನೆ. ಉಮ್ಮನಿಗೆ ನೀವೇ ಹೋಗಿ ಹೇಳ್ಬೇಕಂತೆ. ರೂಮಿನ ಹುಡುಗರ ಫೋನೆಲ್ಲ ನಾನು ತೆಗೆದಿಟ್ಟಿದ್ದೇನೆ, ಅವರು ಮಾಡ್ತಿದ್ದ ಹಾಗೆ.

ಇದೆಲ್ಲ ಮಾಡ್ತಿದ್ದದ್ದು ಅವರು. ನನಗೆ ಎಂತದೂ ಗೊತ್ತಿಲ್ಲ ಸರ್. ಮುಂದೆ ಎಂತ ಮಾಡ್ಬೇಕು ಹೇಳಿ.

ಯಾಹ್ಯಾ


ಬಲ್ಮಠ
5 ಮೇ 2024

ಪ್ರಿಯ ಯಾಹ್ಯಾ,

ಹೋಗಿ ಹೇಳಿ ಬಂದೆ. ಈಗಷ್ಟೇ ಹೊರಗಿನ ನಲ್ಲಿಯಲ್ಲಿ ಮಿಂದು ಬಂದು ಬರೆಯುತ್ತಿದ್ದೇನೆ. ಪಂಕಜಾಕ್ಷಿ ಬಕೆಟ್ ಇಟ್ಟಿದ್ದಳು, ಈ ಸಲ ತಾನೂ ಅಲ್ಲೇ ನಿಂತು ಅತ್ತಳು.

ಸ್ಕೂಟರು ಬಿಡಲು ಕೈ ಬರಲಿಲ್ಲ, ಬಸ್ಸಿನಲ್ಲಿ ಹೋದೆ. ಕಾಟಿಪಳ್ಳದಲ್ಲಿ ಇಳಿದು ಆ ಮನೆಯವರೆಗೆ ನಡೆಯುವಾಗ, ಹೇಗಾದರೂ ನೀರು ಕೇಳಬಾರದು ಎಂದುಕೊಂಡೆ. ಒಮ್ಮೆ ಕೇಳಿ ಕೊಂದಾಗಿದೆ. ಬೇರೆ ಹೇಗೆ ಹೇಳುವುದು ಎಂದು ಮಾತ್ರ ಗೊತ್ತಾಗಲಿಲ್ಲ. ನನಗೆ ಗೊತ್ತಿರುವುದು ಅದೊಂದೇ ದಾರಿ.

ಖತೀಜಮ್ಮ ಜಗಲಿಯಲ್ಲೇ ಇದ್ದರು. ನಾನು ಗೇಟು ತೆಗೆದು ನಿಂತೆ, ಮುಂದೆ ಹೋಗಲಿಲ್ಲ. ಅವರು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲ "ನೀರ್ ಬೋಡಾ ಭಟ್ರೇ?" ಎಂದು ಕೇಳಿದರು. ನೀರು ಬೇಕಾ ಎಂದು ನನ್ನನ್ನು ಆ ಮನೆಯಲ್ಲಿ ಯಾರೂ ಕೇಳಿದವರಲ್ಲ. "ಬೋಡ್ಚಿ" ಎಂದೆ, ಬೇಡ ಎಂದೆ. ಅವರು ಎದ್ದು ಒಳಗೆ ಹೋದರು. ನಾನು ಹಿಂದಿನಿಂದ ಓಡಿ ಹಿಡಿಯಬೇಕಿತ್ತು, ಆಗಲಿಲ್ಲ. ಅವರು ಲೋಟ ಹಿಡಿದುಕೊಂಡು ಬಂದರು, ಒಂದು ಹನಿಯೂ ಚೆಲ್ಲಿರಲಿಲ್ಲ. ನನ್ನ ಕೈಗೆ ಕೊಟ್ಟು, "ಇದು ನನಗಲ್ಲ, ನಿಮಗೆ. ಕುಡಿಯಿರಿ. ಕುಡಿದು ಮತ್ತೆ ಹೇಳಿ" ಎಂದರು.

ಕುಡಿದೆ ಯಾಹ್ಯಾ. ಅಹ್ಮದ್ ಬಾವ ಕಲಿಸಿದ ದಿನದಿಂದ ಹಾಗೆ ಹಿಡಿದ ನೀರನ್ನು ನಾನು ಕುಡಿದವನಲ್ಲ. ಆಮೇಲೆ ಎಲ್ಲ ಹೇಳಿದೆ, ಒಂದನ್ನೂ ಬಿಡಲಿಲ್ಲ. ಕಾಯಿಲೆ, ಆಸ್ಪತ್ರೆ, ನನ್ನ ಕಾಗದ, ಅವನ ಮಾತು. ಸಹಿಯ ಕಾಗದವನ್ನೂ ತೆಗೆದು ಮುಂದಿಟ್ಟೆ.

ಅವರು ತುಂಬಾ ಹೊತ್ತು ಅತ್ತರು. ಮಗಳು ಝಹ್ರಾ ಬಂದು ಹಿಡಿದುಕೊಂಡಳು. ಆಮೇಲೆ ಕಾಗದವನ್ನು ನನ್ನ ಕಡೆಗೇ ಸರಿಸಿ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ನನ್ನ ಮುಖಕ್ಕೆ ಹೆದರಿದನಾ ಅವನು? ಅದು ಸುದ್ದಿ ಕೇಳಿದ ಕೂಡಲೇ ಆಗುವ ಮುಖ ಭಟ್ರೇ, ಎಲ್ಲ ಉಮ್ಮಂದಿರಿಗೂ ಹಾಗೇ ಆಗುವುದು. ಅದರ ನಂತರ ಮಗನನ್ನು ಒಮ್ಮೆ ನೋಡ್ಲಿಕ್ಕೆ ಉಂಟು, ಅವನ ಹಣೆ ಮುಟ್ಲಿಕ್ಕೆ ಉಂಟು ಎಂದೇ ಉಸಿರು ಹಿಡ್ಕೊಳ್ಳುವುದು. ಅದೂ ಬೇಡ ಎಂದರೆ ನಾನು ಎಂತ ಹಿಡ್ಕೊಳ್ಳಲಿ? ಏಳು ವರ್ಷ ಕಾದದ್ದು ಈ ಕಾಗದಕ್ಕೆ ಸಹಿ ಹಾಕ್ಲಿಕ್ಕಾ? ಅವನು ನಿಮ್ಮ ಮಾತು ಕೇಳಿದ, ಡಾಕ್ಟರ ಮಾತು ಕೇಳಿದ, ನನ್ನನ್ನು ಕೇಳಲಿಲ್ಲ. ಹೇಗಿದ್ದರೂ ಸರಿ, ಕರ್ಕೊಂಡು ಬನ್ನಿ. ಅವನ ಉಪ್ಪನ ಹತ್ತಿರ ಜಾಗ ಉಂಟು."

ನನ್ನಿಂದಾಗುತ್ತದಾ ಎಂದು ಅವರು ಕೇಳಲಿಲ್ಲ. ಆಗದು ಎಂದು ನಾನೂ ಹೇಳಲಿಲ್ಲ. ಬೇಸತ್ತ ದಿನ ನಾನು ಬರೆದ ಒಂದು ಮಾತನ್ನು ಆ ಹುಡುಗ ಇಷ್ಟು ಭದ್ರವಾಗಿ ಇಟ್ಟುಕೊಳ್ಳಬೇಕಿತ್ತಾ? ಅವನನ್ನು ಬಿಟ್ಟು ಬೇರೆ ಯಾರಿಗೆ ನಾನು ಹಾಗೆ ಬರೆಯುತ್ತಿದ್ದೆ?

ಸಹಿಯ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಬಂದಿದ್ದೇನೆ. ಅದು ಬೇಡ. ಕಳುಹಿಸುವ ಕೆಲಸ ಶುರು ಮಾಡು. ಮೊದಲು ಆಸ್ಪತ್ರೆಯ ಸರ್ಟಿಫಿಕೇಟು, ಆಮೇಲೆ ರಾಯಭಾರ ಕಚೇರಿ. ಒಂದೊಂದಾಗಿ ಫೋನಿನಲ್ಲಿ ಹೇಳಿಕೊಡುತ್ತೇನೆ, ಹೆದರಬೇಡ, ಅವನೂ ಹೀಗೆಯೇ ಕಲಿತದ್ದು. ಮುಖದ ಮೇಲಿನ ಬಟ್ಟೆ ಸುಲಭವಾಗಿ ತೆಗೆಯಲು ಬರುವ ಹಾಗೆ ಇರಲಿ ಎಂದು ಅಲ್ಲಿಯವರಿಗೆ ಹೇಳು. ಅವನ ದಿಂಬಿನ ಅಡಿಯ ಪಾಸ್‌ಪೋರ್ಟ್ ಮರೆಯಬೇಡ.

ವಿಮಾನ ಯಾವುದೆಂದು ಗೊತ್ತಾದ ಕೂಡಲೇ ತಿಳಿಸು. ಖತೀಜಮ್ಮ ತಾವೂ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಕಾರ್ಗೋ ಗೇಟಿನವನಿಗೆ ಇನ್ನೊಂದು ಕುರ್ಚಿ ಇಡಲು ಹೇಳಿದ್ದೇನೆ.

ವಿಷ್ಣುಮೂರ್ತಿ